ಡ್ರಮ್ ಸಿಂಥ್‌ನಲ್ಲಿ ಕಿಕ್ ಕಟ್ಟಿ ಸ್ಟೆಪ್‌ಗಳಲ್ಲಿ ಕೂರಿಸುವುದು

ಮೊದಲು ಕಿಕ್, ಅಂದರೆ ಬೇಸ್ ಡ್ರಮ್ಮಿನ ಹೊಡೆತ. ಅದು ಸರಿಹೋಗುವ ತನಕ ಬೇರೇನನ್ನೂ ಮುಟ್ಟಬೇಡಿ. ಆಸಿಲೇಟರ್‌ನಲ್ಲಿ (ಸದ್ದು ಹುಟ್ಟಿಸುವ ಭಾಗ) ಸೈನ್ ವೇವ್ ಆರಿಸಿ, ಪಿಚ್ 50 ಹರ್ಟ್ಸ್‌ಗೆ ಇಡಿ. ಪಿಚ್ ಎನ್ವಲಪ್ (ಹೊಡೆತದೊಳಗೆ ಪಿಚ್ ಬದಲಾಗುವ ರೀತಿ) 200 ಹರ್ಟ್ಸ್‌ನಿಂದ ಶುರುವಾಗಿ ಸುಮಾರು 50 ಮಿಲಿಸೆಕೆಂಡಿನಲ್ಲಿ 50ಕ್ಕೆ ಇಳಿಯಲಿ; ಕಿಕ್‌ನ ಪೆಟ್ಟು ಹುಟ್ಟುವುದು ಈ ಇಳಿತದಲ್ಲೇ. ಇಳಿತ ನಿಧಾನವಾದರೆ ಪೆಟ್ಟು ಹೋಗಿ 'ಪ್ಯೂ' ಎಂಬ ಎಳೆತ ಉಳಿಯುತ್ತದೆ.

ವಾಲ್ಯೂಮ್ ಡಿಕೇ (ಸದ್ದು ಅಡಗಲು ಹಿಡಿಯುವ ಸಮಯ) 350 ಮಿಲಿಸೆಕೆಂಡ್ ಸಾಕು. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಒಂದು ಸ್ಟೆಪ್, ಅಂದರೆ ಬೀಟಿನ ಕಾಲು ಭಾಗ, 125 ಮಿಲಿಸೆಕೆಂಡ್. 16 ಸ್ಟೆಪ್‌ಗಳ ಪ್ಯಾಟರ್ನ್‌ನಲ್ಲಿ 1, 5, 9, 13ರಲ್ಲಿ ಕಿಕ್ ಇಟ್ಟರೆ ನಡುವೆ ಸಿಗುವುದು 500 ಮಿಲಿಸೆಕೆಂಡ್. ಡಿಕೇ ಅದನ್ನು ಮೀರಿದರೆ ಒಂದರ ಬಾಲ ಮುಂದಿನದರ ಮೇಲೆ ಬಿದ್ದು ಬೇಸ್ ಕಲಸಿಹೋಗುತ್ತದೆ. ಒಂದೊಂದು ಹೊಡೆತ ಒಂದೊಂದು ಥರ ಕೇಳಿಸಿದರೆ ಆಸಿಲೇಟರಿನ ಫೇಸ್ ರೀಸೆಟ್ (ಪ್ರತಿ ಹೊಡೆತದಲ್ಲೂ ಅಲೆಯನ್ನು ಒಂದೇ ಬಿಂದುವಿನಿಂದ ಶುರುಮಾಡುವುದು) ಆನ್ ಮಾಡಿ.

ಸ್ನೇರ್‌ಗೆ 180 ಹರ್ಟ್ಸ್ ಸ್ವರದ ಜತೆ ವೈಟ್ ನಾಯ್ಸ್ ('ಶ್' ಎನ್ನುವ ಸದ್ದು) ಬೆರೆಸಿ, 5 ಮತ್ತು 13ರಲ್ಲಿ ಇಡಿ. ಹೈಹ್ಯಾಟ್‌ಗೆ ಬರೀ ನಾಯ್ಸ್, 7000 ಹರ್ಟ್ಸ್ ಹೈಪಾಸ್ (ಅದಕ್ಕಿಂತ ಕೆಳಗಿನದನ್ನು ತಗ್ಗಿಸುವ ಫಿಲ್ಟರ್), 40 ಮಿಲಿಸೆಕೆಂಡ್ ಡಿಕೇ. ಬೆಸ ಸ್ಟೆಪ್‌ಗಳೆಲ್ಲ ಅದಕ್ಕೆ. ವೆಲಾಸಿಟಿ (ಹೊಡೆತದ ಬಲ) ಒಂದಕ್ಕೆ 100, ಮುಂದಿನದಕ್ಕೆ 65 ಕೊಡಿ. ಎಲ್ಲವೂ ಒಂದೇ ಮಟ್ಟದಲ್ಲಿದ್ದರೆ ಎಷ್ಟೇ ಒಳ್ಳೆಯ ಸೌಂಡ್ ಆದರೂ ಜೀವ ಬರುವುದಿಲ್ಲ. ಓಪನ್ ಮತ್ತು ಕ್ಲೋಸ್ಡ್ ಹ್ಯಾಟ್ ಒಂದೇ ಚೋಕ್ ಗ್ರೂಪ್‌ನಲ್ಲಿರಲಿ; ಆಗ ಒಂದು ನುಡಿದ ಕೂಡಲೇ ಇನ್ನೊಂದು ನಿಲ್ಲುತ್ತದೆ.

ಮಿಶ್ರ ಛಾಪು (ಏಳು ಎಣಿಕೆಯ ತಾಳ) ಬೇಕಾದರೆ ಪ್ಯಾಟರ್ನ್ ಉದ್ದವನ್ನು 14 ಸ್ಟೆಪ್‌ಗೆ ಇಳಿಸಿ, ಕಿಕ್ ಅನ್ನು 1, 7, 11ರಲ್ಲಿ ಇಡಿ. 3, 2, 2ರ ಪಾಲು ಸಿಗುತ್ತದೆ. ಪ್ರತಿ ಟ್ರ್ಯಾಕಿನ ಉದ್ದವನ್ನೂ ಬದಲಿಸಲು ಮರೆಯಬೇಡಿ. ಹ್ಯಾಟ್ 16ರಲ್ಲೇ ಉಳಿದರೆ ಕಿಕ್, ಹ್ಯಾಟ್ ಎರಡೂ ಮತ್ತೆ ಒಟ್ಟಿಗೆ ಶುರುವಾಗುವುದು 112 ಸ್ಟೆಪ್ ಕಳೆದ ಮೇಲೆಯೇ.