ಅಂಗವೈಕಲ್ಯ, ಮಕ್ಕಳ ಬೆಳವಣಿಗೆ: ಗ್ರಂಥಾಲಯದ ಸಂಗ್ರಹ ಬೆಳೆಸುವ ಬಗೆ

ಹೊಸದನ್ನು ಕೊಳ್ಳುವ ಮೊದಲು ಇರುವ ಪುಸ್ತಕಗಳು ಕಣ್ಣಿಗೆ ಬೀಳುವಂತೆ ಮಾಡಿ. ಪುಸ್ತಕಗಳಿಗೆ ವಿಷಯವಾರು ಸಂಖ್ಯೆ ಕೊಡುವ ಡ್ಯೂಯಿ ವರ್ಗೀಕರಣದಲ್ಲಿ ಈ ವಿಷಯ ಚದುರಿಹೋಗುತ್ತದೆ: ಮಕ್ಕಳ ಮನೋವಿಜ್ಞಾನ 155.4ರಲ್ಲಿ, ವಿಶೇಷ ಶಿಕ್ಷಣ 371.9ರಲ್ಲಿ, ಮಕ್ಕಳ ವೈದ್ಯಕೀಯ 618.92ರಲ್ಲಿ, ಪಾಲನೆ 649ರಲ್ಲಿ. ಮಗು ಇನ್ನೂ ಮಾತಾಡುತ್ತಿಲ್ಲವೆಂದು ಆತಂಕದಿಂದ ಬಂದವರು ನಾಲ್ಕು ಕಪಾಟು ಸುತ್ತುವಂತಾಗಬಾರದು. ಪುಸ್ತಕದ ಬೆನ್ನಿಗೆ ಒಂದೇ ಬಣ್ಣದ ಪಟ್ಟಿ ಅಂಟಿಸಿ. ಕ್ಯಾಟಲಾಗಿಗೆ ‘ಮಾತು ತಡ’ದಂಥ ಆಡುಮಾತನ್ನೂ ಸೇರಿಸಿ.

ಆಮೇಲೆ ಹಳತನ್ನು ಜರಡಿ ಹಿಡಿಯಿರಿ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5 (2013), ಮೊದಲು ಬೇರೆ ಎಂದು ಗುರುತಿಸುತ್ತಿದ್ದ ಆಸ್ಪರ್ಜರ್ ಸಿಂಡ್ರೋಮನ್ನು ಆಟಿಸಂ ಸ್ಪೆಕ್ಟ್ರಮ್ ಎಂಬ ಒಂದೇ ವಿಶಾಲ ಗುಂಪಿನೊಳಗೆ ಸೇರಿಸಿತು. ಅದಕ್ಕೂ ಹಿಂದಿನ ರೋಗನಿರ್ಣಯದ ಕೈಪಿಡಿಗಳು ಪೋಷಕರ ದಾರಿ ತಪ್ಪಿಸುತ್ತವೆ. ಲಸಿಕೆಯಿಂದಲೋ ತಾಯಿಯ ಪ್ರೀತಿ ಸಾಲದೆಯೋ ಆಟಿಸಂ ಬರುತ್ತದೆ ಎನ್ನುವ ಪುಸ್ತಕ ಪುಕ್ಕಟೆ ಬಂದರೂ ಬೇಡ.

ಕೊಳ್ಳುವಾಗ ಅಂಗವಿಕಲರೇ ಬರೆದದ್ದಕ್ಕೆ ಮೊದಲ ಆದ್ಯತೆ. ಚಿತ್ರಪುಸ್ತಕವಾದರೆ ಗಾಲಿಕುರ್ಚಿಯ ಮಗು ಕಥೆಯಲ್ಲಿ ಏನು ಮಾಡುತ್ತದೆ ನೋಡಿ. ಕನಿಕರ ಹುಟ್ಟಿಸಲಷ್ಟೇ ಇದ್ದರೆ ಬಿಟ್ಟುಬಿಡಿ.

ಬ್ರೈಲ್ ಪುಸ್ತಕಗಳನ್ನು ನೆಟ್ಟಗೆ, ಸಡಿಲವಾಗಿ ನಿಲ್ಲಿಸಿ. ಒಂದರ ಮೇಲೊಂದು ಪೇರಿಸಿದರೆ ಚುಕ್ಕಿಗಳು ಚಪ್ಪಟೆಯಾಗಿ ಬೆರಳಿಗೆ ಸಿಗುವುದಿಲ್ಲ. ಪಿಡಿಎಫ್ ಸೇರಿಸುವ ಮುನ್ನ ಒಂದು ಸಾಲನ್ನು ಮೌಸಿನಿಂದ ಆರಿಸಿ ನೋಡಿ. ಅಕ್ಷರಗಳು ಆಯ್ಕೆಯಾಗದಿದ್ದರೆ ಅದು ಬರೀ ಸ್ಕ್ಯಾನ್ ಚಿತ್ರ, ಪರದೆಯ ಮೇಲಿನ ಬರಹವನ್ನು ದನಿಯಲ್ಲಿ ಓದಿ ಹೇಳುವ ಹೆಚ್ಚಿನ ಸ್ಕ್ರೀನ್ ರೀಡರುಗಳು ಅದನ್ನು ಸರಿಯಾಗಿ ಓದಲಾರವು. ಒಸಿಆರ್ (ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ ತಂತ್ರ) ಮಾಡಿಸಿ, ತಪ್ಪು ತಿದ್ದಿ.