ದೊರೆ ಮಿಗೆಲ್‌ನ ಏಳುಬೀಳು: ಕಾಲರೇಖೆ ಕಟ್ಟುವ ಬಗೆ

ಪೋರ್ಚುಗಲ್‌ನ ಒಂದನೇ ಮಿಗೆಲ್ ಆಳಿದ್ದು 1828ರಿಂದ 1834ರವರೆಗೆ, ಬರೀ ಆರು ವರ್ಷ. ಆದರೂ ಇದನ್ನು ಪಾಠ ಮಾಡಲು ಅಥವಾ ಬರೆಯಲು ಕೂತವರು ಬೇಗ ದಾರಿ ತಪ್ಪುತ್ತಾರೆ. ಲಿಸ್ಬನ್‌ನಲ್ಲಿ ನಡೆದದ್ದರ ಕಾರಣ ಎಷ್ಟೋ ಸಲ ಬ್ರೆಜಿಲ್‌ನ ರಿಯೋದಲ್ಲೋ ಲಂಡನ್‌ನಲ್ಲೋ ಇರುತ್ತದೆ. ಅದಕ್ಕೇ ದೊಡ್ಡ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಪೋರ್ಚುಗಲ್, ಬ್ರೆಜಿಲ್, ಉಳಿದ ಯುರೋಪ್. ಪ್ರತಿ ತಾರೀಕೂ ತನ್ನ ಕಾಲಂನಲ್ಲೇ ಕೂರಲಿ.

ಬರೆಯುವ ಮುಂಚೆ ಎರಡು ಗೋಜಲು ಬಿಡಿಸಿಕೊಳ್ಳಿ. ಬ್ರೆಜಿಲ್‌ನ ಚಕ್ರವರ್ತಿ ಒಂದನೇ ಪೆಡ್ರೊ, ಪೋರ್ಚುಗಲ್‌ನ ನಾಲ್ಕನೇ ಪೆಡ್ರೊ ಇಬ್ಬರಲ್ಲ, ಒಬ್ಬನೇ, ಮಿಗೆಲ್‌ನ ಅಣ್ಣ. ಹಾಗೆಯೇ, 1822ರ ಸಂವಿಧಾನ ಚುನಾಯಿತ ಸಭೆ ರಚಿಸಿದ್ದು. 1826ರ ಸನ್ನದೂ ಸಂವಿಧಾನವೇ, ಆದರೆ ಪೆಡ್ರೊ ತಾನಾಗಿ ದಯಪಾಲಿಸಿದ್ದು. ಮಿಗೆಲ್ ಆಣೆಯಿಟ್ಟು ಮುರಿದದ್ದು ಎರಡನೆಯದನ್ನು.

ಏಳಿಗೆಯನ್ನು 1823ರ ಮೇ ತಿಂಗಳಿಂದ ಶುರುಮಾಡಿ. ವಿಲಾ ಫ್ರಾಂಕಾದಲ್ಲಿ ಎದ್ದ ದಂಗೆಯಿಂದ 1822ರ ಸಂವಿಧಾನ ಬಿತ್ತು, ಮಿಗೆಲ್ ಸೇನಾಧಿಪತಿಯಾದ. ಮರುವರ್ಷ ಏಪ್ರಿಲ್ 30ರಂದು ಮಿಗೆಲ್ ಎಬ್ಬಿಸಿದ ದಂಗೆಯನ್ನು ಇದರೊಂದಿಗೆ ಬೆರೆಸಬೇಡಿ. ಮೊದಲನೆಯದಕ್ಕೆ ತಂದೆ ಆರನೇ ಜಾನ್ ಕೊನೆಗೆ ಒಪ್ಪಿಗೆ ಕೊಟ್ಟ. ಎರಡನೆಯದು ಆ ತಂದೆಯನ್ನೇ ಆಸರೆಗಾಗಿ ಬ್ರಿಟಿಷ್ ಯುದ್ಧನೌಕೆ ‘ವಿಂಡ್ಸರ್ ಕ್ಯಾಸಲ್’ ಹತ್ತಿಸಿತು. ಮಗನನ್ನು ವಿಯೆನ್ನಾಕ್ಕೆ ಕಳಿಸಿದ್ದು ಆ ಹಡಗಿನಿಂದಲೇ.

ಹೆಚ್ಚು ಜಾಗ ಬಿಡಬೇಕಾದದ್ದು 1826ರಿಂದ 1828ಕ್ಕೆ. 1826ರ ಮಾರ್ಚ್ 10ರಂದು ಜಾನ್ ತೀರಿಕೊಂಡ. ಸುದ್ದಿ ಸಾಗರ ದಾಟಿ ರಿಯೋ ಮುಟ್ಟಿ, ಏಪ್ರಿಲ್ 29ಕ್ಕೆ ಪೆಡ್ರೊ ಸನ್ನದು ಹೊರಡಿಸಿ, ಮೇ 2ಕ್ಕೆ ಏಳು ವರ್ಷದ ಮಗಳು ಮರಿಯಾಳಿಗೆ ಪಟ್ಟ ಬಿಟ್ಟುಕೊಟ್ಟ. ಷರತ್ತು: ಮಿಗೆಲ್ ಸನ್ನದಿಗೆ ಆಣೆಯಿಡಬೇಕು, ಮರಿಯಾಳನ್ನು ಮದುವೆಯಾಗಬೇಕು. 1828ರ ಫೆಬ್ರವರಿ 22ರಂದು ಅವನು ಲಿಸ್ಬನ್‌ಗೆ ಬಂದ, 26ರಂದು ಮರಿಯಾಳ ಪರವಾಗಿ ಆಳುವ ರಾಜಪ್ರತಿನಿಧಿಯಾಗಿ ಆಣೆಯಿಟ್ಟ, ಮಾರ್ಚ್ 13ರಂದು ಸಂಸತ್ತು ವಿಸರ್ಜಿಸಿದ. ಆಮೇಲೆ ಪಾದ್ರಿಗಳು, ಶ್ರೀಮಂತರು, ನಗರ ಪ್ರತಿನಿಧಿಗಳ ಹಳೆಯ ಸಭೆ ಕರೆಸಿ, ಜುಲೈನಲ್ಲಿ ದೊರೆಯಾದ.

ಇಲ್ಲಿ ‘ಸಿಂಹಾಸನ ಕದ್ದ’ ಎಂದು ಬರೆದು ಮುಗಿಸಬೇಡಿ. ಪೆಡ್ರೊ ಪರದೇಶದ ಅರಸನಾಗಿದ್ದರಿಂದ ಅವನ ಹಕ್ಕೂ ಅವನ ಸಂತಾನದ ಹಕ್ಕೂ ಹೋಯಿತು ಎಂಬುದು ಆ ಸಭೆಯ ವಾದ. ಆ ವಾದವನ್ನು ಬರೆಯದೆ ಬಿಟ್ಟರೆ, ಹಳ್ಳಿಗಳೂ ಮಠಗಳೂ ಏಕೆ ಅವನ ಬೆನ್ನಿಗೆ ನಿಂತವು ಎಂಬುದು ಅರ್ಥವಾಗುವುದಿಲ್ಲ.

ಪತನ ಬರೆಯುವಾಗ ಸಾಮಾನ್ಯವಾಗಿ ಆಗುವ ತಪ್ಪು, ಕಣ್ಣನ್ನೆಲ್ಲ ಪೋರ್ಟೊ ಮುತ್ತಿಗೆಯ ಮೇಲೇ ಇಡುವುದು. 1832ರ ಜುಲೈ 8ರಂದು ಪೆಡ್ರೊ ಮಗಳ ಹಕ್ಕಿಗಾಗಿ ಸುಮಾರು 7,500 ಜನರೊಂದಿಗೆ ದಡ ಹತ್ತಿ ಮರುದಿನ ಪೋರ್ಟೊ ಹಿಡಿದ. ಹಲವು ಪಟ್ಟು ದೊಡ್ಡ ಸೇನೆಯಿದ್ದರೂ ಮಿಗೆಲ್‌ಗೆ ಅದನ್ನು ವರ್ಷ ಕಳೆದರೂ ಮರಳಿ ಹಿಡಿಯಲಾಗಲಿಲ್ಲ. ಆದರೆ ಆಟ ತಿರುಗಿದ್ದು ಸಮುದ್ರದಲ್ಲಿ. ಅಟ್ಲಾಂಟಿಕ್‌ನಲ್ಲಿರುವ ಪೋರ್ಚುಗಲ್‌ನ ಅಜೋರ್ಸ್ ದ್ವೀಪಸಮೂಹದ ಟೆರ್ಸೈರಾ ದ್ವೀಪ ಮಿಗೆಲ್ ಕೈಗೆ ಸಿಗದೆ ಉಳಿದಿದ್ದರಿಂದಲೇ ವಿರೋಧಿಗಳಿಗೆ ನೆಲೆಯಿತ್ತು. 1833ರ ಜುಲೈ 5ರಂದು ಸೇಂಟ್ ವಿನ್ಸೆಂಟ್ ಭೂಶಿರದ ಬಳಿ ಬ್ರಿಟಿಷ್ ನಾವಿಕ ಚಾರ್ಲ್ಸ್ ನೇಪಿಯರ್ ಪೆಡ್ರೊ ಪರವಾಗಿ ಮಿಗೆಲ್‌ನ ಹಡಗುಪಡೆಯನ್ನು ಸೋಲಿಸಿದ. ದಕ್ಷಿಣದ ಅಲ್ಗಾರ್ವೆಯಲ್ಲಿ ಇಳಿದಿದ್ದ, ಪೆಡ್ರೊ ಕಡೆಯ ಟೆರ್ಸೈರಾ ಡ್ಯೂಕ್‌ನ ಪಡೆ ಅದೇ ತಿಂಗಳ 24ಕ್ಕೆ ಲಿಸ್ಬನ್ ಹೊಕ್ಕಿತು. ಈ ಮೂರು ಗೆರೆಗಳನ್ನು ಕೆಂಪು ಶಾಯಿಯಲ್ಲೇ ಬರೆಯಿರಿ.

ಮೂರನೇ ಕಾಲಂನಲ್ಲಿ 1830ರ ಫ್ರಾನ್ಸ್ ಕ್ರಾಂತಿ, 1834ರ ಏಪ್ರಿಲ್ 22ರ ನಾಲ್ಕು ದೇಶಗಳ (ಮರಿಯಾಳ ಪೋರ್ಚುಗಲ್ ಸೇರಿ) ಒಪ್ಪಂದ ಸಾಕು. ಬ್ರಿಟನ್, ಫ್ರಾನ್ಸ್, ಸ್ಪೇನ್ ಮೂರೂ ಮರಿಯಾಳ ಪಕ್ಷ ವಹಿಸಿದ ಮೇಲೆ ಮಿಗೆಲ್ ಒಂಟಿ. ಮೇ 16ರಂದು ಅಸೈಸೈರಾದಲ್ಲಿ ಸೋಲು, 26ರಂದು ಎವೊರಾಮೊಂಟೆಯಲ್ಲಿ ಶರಣಾಗತಿ.

ರೇಖೆಯನ್ನು ಅಲ್ಲಿಗೇ ನಿಲ್ಲಿಸಬೇಡಿ. ಇಟಲಿಯ ಜಿನೋವಾ ಸೇರಿದ ಮಿಗೆಲ್ ಜೂನ್‌ನಲ್ಲೇ ಶರಣಾಗತಿಯನ್ನು ತಳ್ಳಿಹಾಕಿದ; ಹಾಗಾಗಿ ಒಪ್ಪಿದ್ದ ಪಿಂಚಣಿ ತಪ್ಪಿತು. ಡಿಸೆಂಬರ್‌ನ ಕಾನೂನು ಅವನಿಗೂ ಅವನ ವಂಶಕ್ಕೂ ದೇಶದ ಬಾಗಿಲು ಮುಚ್ಚಿತು. ಅವನು 1866ರಲ್ಲಿ ಜರ್ಮನಿಯಲ್ಲಿ ತೀರಿಕೊಂಡ. ವಂಶದ ಮೇಲಿನ ನಿಷೇಧ ತೆರವಾದದ್ದು 1950ರಲ್ಲಿ.