ಮನೆ ಬಿಚ್ಚದೆ, ತೋಟದ ಸಮೇತ ಮಾರಿದ್ದು ಹೀಗೆ

ಶಿರಸಿ ಸೀಮೆಯಲ್ಲಿ ಹಳೇ ಮರದ ಮನೆ ಮಾರಾಟಕ್ಕಿದೆ ಅಂದರೆ ಮೊದಲ ಫೋನು ಮರದ ವ್ಯಾಪಾರಿಯದ್ದು. ಎರಡನೆಯದು ದಲ್ಲಾಳಿಯದ್ದು. ವ್ಯಾಪಾರಿ ಕಂಬ ಎಣಿಸುತ್ತಾನೆ, ದಲ್ಲಾಳಿ ಎಕರೆ ಎಣಿಸುತ್ತಾನೆ. ಇದು ಜನ ಇರೋ ಮನೆ ಅಂತ ಇಬ್ಬರೂ ನೋಡುವುದಿಲ್ಲ. ನಮ್ಮದು ಎರಡಂತಸ್ತಿನ ಮನೆ, ಮೂವತ್ತು ಚಿಲ್ಲರೆ ಕಂಬ, ಮುಚ್ಚಿಗೆಯ ಮಾಳಿಗೆ, ಸುಮಾರು ಮೂರು ಎಕರೆ ಅಡಿಕೆ ತೋಟ, ಅದಕ್ಕೆ ಹೊಂದಿದ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು. "ಮರ ಬಿಚ್ಚಿ ಕೊಡು, ತೋಟ ಬೇರೆ ಮಾರು, ಇಲ್ಲದಿದ್ದರೆ ಎರಡೂ ಹೋಗಲ್ಲ" ಅಂತ ಊರಿನವರೂ ನೆಂಟರೂ ಹೇಳಿದರು. ನಾನು ಒಪ್ಪಲಿಲ್ಲ. ಒಂದು ಗೂಟವನ್ನೂ ಕೀಳದೆ ಇಡೀ ಆಸ್ತಿಯನ್ನು ಒಟ್ಟಿಗೆ ಮಾರಿದೆ. ಅಂಥದ್ದೇ ಮನೆ ಇಟ್ಟುಕೊಂಡು ಯೋಚನೆಯಲ್ಲಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಪಹಣಿ, ಮ್ಯುಟೇಶನ್, ಇಸಿಯಂಥ ಜಮೀನಿನ ಕಾಗದಪತ್ರ ಎಲ್ಲ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ಮೊದಲು ದುಡ್ಡಿನ ಲೆಕ್ಕ. ವ್ಯಾಪಾರಿಗಳು ಇಡೀ ಮನೆಯ ಮರಕ್ಕೆ ಉಕ್ತೆಯಲ್ಲಿ (ಒಟ್ಟಾರೆ ಒಂದೇ ಬೆಲೆ) ಆರೂವರೆ ಲಕ್ಷ ಅಂದರು, ಎಳೆದಾಡಿದ ಮೇಲೆ ಏಳಕ್ಕೆ ಬಂದರು. ಬಿಚ್ಚುವ ಕೂಲಿ ಅವರದ್ದು. ಮಣ್ಣು, ಒಡೆದ ಹಂಚು, ಕಲ್ಲಿನ ರಾಶಿ ನಮ್ಮದು. ತೋಟಕ್ಕೆ ಎಕರೆಗೆ 22-23 ಲಕ್ಷದ ಮಾತು ನಡೆದಿತ್ತು. ಎರಡೂ ಸೇರಿ 75 ಲಕ್ಷದ ಹತ್ತಿರ. ಕೊನೆಗೆ ನನಗೆ ಬಂದದ್ದು ಒಂದು ಕೋಟಿ ಹತ್ತು ಲಕ್ಷದ ಮೇಲೆ. ಮನೆಗೆ ಹಾಕಿದ್ದು ಆರು ಲಕ್ಷದೊಳಗೆ. ಅದನ್ನು ಕಳೆದರೂ ಮೂವತ್ತು ಲಕ್ಷ ಜಾಸ್ತಿ ಸಿಕ್ಕಿತು. "ಹಳೇ ಮನೆಗೆ ದುಡ್ಡು ಸುರೀಬೇಡ" ಅಂದವರೇ ಈಗ ಆಚಾರಿಯ ನಂಬರು ಕೇಳುತ್ತಿದ್ದಾರೆ.

ವ್ಯಾಪಾರಿಗೆ ಬೆಲೆ ಇರುವುದು ಮುಂಬಾಗಿಲು, ಬೋದಿಗೆ (ಕಂಬದ ತಲೆಯ ಮರ), ಜಗಲಿಯ ಕೆತ್ತನೆ ಕಂಬಗಳಿಗೆ. ಒಳಗಿನ ಮತ್ತಿಯ ತೊಲೆ, ಜಂತಿ, ಪಕಾಸಿ (ಹಂಚು ಹೊರುವ ಮರ) ಎಲ್ಲವನ್ನೂ ಸೌದೆಗಿಂತ ಸ್ವಲ್ಪ ಮೇಲೆ ಅಳೆಯುತ್ತಾನೆ. ಆದರೆ ಮನೆಯನ್ನು ಹೊತ್ತಿರುವುದು ಆ ತೊಲೆಗಳೇ ಅಲ್ವಾ? ನಿಂತ ಮನೆಯಲ್ಲಿ ಮಾತ್ರ ಅವಕ್ಕೆ ಬೆಲೆ. ಬಿಚ್ಚಿದ ದಿನ ಅವುಗಳ ಬೆಲೆ ಬಿದ್ದುಹೋಗುತ್ತದೆ. ನನ್ನ ಹಟಕ್ಕೆ ಕಾರಣ ಇಷ್ಟೇ.

ಕೈಗೂಡದ ವ್ಯವಹಾರಗಳು ಹಲವು. ದಲ್ಲಾಳಿಯೊಬ್ಬರು "3 ಎಕರೆ ತೋಟ, ಹಳೇ ಮನೆ ಇದೆ" ಅಂತ ಹಾಕಿಸಿದರು. ಫೋನು ಬಂತು, ಆದರೆ ಎಲ್ಲರೂ ಕೇಳಿದ್ದು ಫಸಲು ಎಷ್ಟು ಕ್ವಿಂಟಲ್, ಎಲೆಚುಕ್ಕೆ ರೋಗ ಬಂದಿದೆಯಾ, ಲಾರಿ ಬರುತ್ತಾ, ಇಷ್ಟೇ. ಮನೆ ನೋಡಲು ಒಬ್ಬರೂ ಒಳಗೆ ಬರಲಿಲ್ಲ.

ಆಮೇಲೆ ರೆಸಾರ್ಟ್ ಮಾಡುವವರು ಬಂದರು. ಮುಂಗಡವಾಗಿ ಎರಡು ಲಕ್ಷ ಕೊಟ್ಟರು. ಅವರ ಕಣ್ಣಿದ್ದದ್ದು ಬೆಟ್ಟದ ಮೇಲೆ, ಅಲ್ಲಿ ಕಾಟೇಜ್ ಕಟ್ಟುವ ಯೋಚನೆ. ಬೆಟ್ಟ ಅರಣ್ಯ ಜಮೀನು. ಸೊಪ್ಪು, ದರಕು (ಒಣ ಎಲೆ), ಹುಲ್ಲು ತರುವ ಸವಲತ್ತು ಮಾತ್ರ ನಮ್ಮದು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಪ್ರಾಂತ್ಯಕ್ಕೆ ಸೇರಿತು. ಆ ಮುಂಬೈ ಕಾಲದಿಂದ ಬಂದ ವ್ಯವಸ್ಥೆ ಇದು, ತೋಟದ ಎಕರೆಗೆ 9 ಎಕರೆವರೆಗೂ ಬೆಟ್ಟ ಹೊಂದಿಸಿದ್ದಾರೆ. ತೋಟದ ಜೊತೆ ಸವಲತ್ತು ಹೋಗುತ್ತದೆ, ಜಾಗ ಹೋಗುವುದಿಲ್ಲ. ಮೊದಲ ದಿನವೇ ಇದನ್ನು ಹೇಳಿದ್ದೆ. ಅವರ ವಕೀಲರು ಹೇಳುವವರೆಗೆ ಅವರು ನಂಬಲಿಲ್ಲ. ಮುಂಗಡ ವಾಪಸ್ ಹೋಯಿತು, ಅರ್ಧ ವರ್ಷವೂ ಹೋಯಿತು.

ಹುಬ್ಬಳ್ಳಿಯಿಂದ ಒಂದು ಒಳ್ಳೆಯ ಸಂಸಾರ ಬಂದಿತ್ತು. ಮನೆ ಅವರಿಗೆ ನಿಜಕ್ಕೂ ಇಷ್ಟವಾಗಿತ್ತು. ಬ್ಯಾಂಕಿನಿಂದ ಬಂದ ಮೌಲ್ಯಮಾಪಕರು "ಮಣ್ಣಿನ ಗೋಡೆ, ಹಂಚಿನ ಮಾಡು, ಆಯಸ್ಸು ಮುಗಿದಿದೆ" ಅಂತ ಬರೆದು ಕಟ್ಟಡಕ್ಕೆ ಸೊನ್ನೆ ಹಾಕಿದರು. ಸಾಲ ಅರ್ಧಕ್ಕೆ ಇಳಿಯಿತು, ಅವರು ಕೈಬಿಟ್ಟರು. ನನಗೆ ಬಹಳ ನೋವಾದದ್ದು ಇದೇ. ಒಂದು ಕಂಬವನ್ನೂ ಮುಟ್ಟಿ ನೋಡದೆ ಆಯಸ್ಸು ಮುಗಿದಿದೆ ಅಂತ ಬರೆದರಲ್ಲ!

ಇನ್ನೊಬ್ಬರು ಇಡೀ ಮನೆಯನ್ನು ಬಿಚ್ಚಿ ಗೋಕರ್ಣದ ಕಡೆ ಮತ್ತೆ ನಿಲ್ಲಿಸುತ್ತೇನೆ ಅಂದರು. ಇದು ಆಗುವ ಕೆಲಸವೇ. ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ವಿಜಯನಾಥ ಶೆಣೈ ಅವರು ಹಳೇ ಮನೆಗಳನ್ನು ಬಿಚ್ಚಿ ತಂದು ಮತ್ತೆ ಎಬ್ಬಿಸಿದ್ದನ್ನು ನೋಡಿದ್ದೇನೆ, ಅದು ದೊಡ್ಡ ಕೆಲಸ. ಇವರು 14 ಲಕ್ಷದವರೆಗೂ ಬಂದರು. ಆದರೆ ಮನೆ ಹೋದ ಮೇಲೆ ತೋಟಕ್ಕೆ ಅಡಿಕೆ ಒಣಗಿಸುವ ಅಂಗಳ ಮಾತ್ರ ಉಳಿಯುತ್ತಿತ್ತು. ತೋಟದಲ್ಲಿ ಇರುವವರಿಗೆ ಮನೆ ಬೇಕು, ಮನೆಯಲ್ಲಿ ಇರುವವರಿಗೆ ತೋಟ ಬೇಕು. ಬೇಡ ಅಂದೆ.

ಇಷ್ಟೆಲ್ಲ ಆದ ಮೇಲೆ ಕೊಳ್ಳುವವರನ್ನು ಹುಡುಕುವುದನ್ನು ಸ್ವಲ್ಪ ಕಾಲ ನಿಲ್ಲಿಸಿದೆ. ಮರದ ಲೆಕ್ಕಕ್ಕೆ ಕೂತೆ.

ಮನೆಗೆ ಒಂದು ಜಾತಕ ಬರೆದೆ. ಪ್ರತಿ ಕಂಬಕ್ಕೆ, ತೊಲೆಗೆ ಸುಣ್ಣದಲ್ಲಿ ನಂಬರು. ಯಾವ ಮರ, ಬುಡ ಹೇಗಿದೆ, ತಲೆ ಹೇಗಿದೆ, ಸುತ್ತಿಗೆ ಬಡಿದರೆ ಏನು ಸದ್ದು, ಬೈರಿಗೆ ಹಾಕಿದರೆ ಯಾವ ಬಣ್ಣದ ಪುಡಿ, ತೇವಾಂಶ ಎಷ್ಟು. ತೇವ ಅಳೆಯುವ ಸಣ್ಣ ಮೀಟರು ಸಾವಿರದ ಐನೂರಕ್ಕೆಲ್ಲ ಸಿಗುತ್ತದೆ. ಮಾರ್ಚ್‌ನಲ್ಲಿ ಶೇ. 12-13 ಬರುವ ಕಂಬ ಆಗಸ್ಟ್‌ನಲ್ಲಿ 19-20 ತೋರಿಸುತ್ತದೆ, ಹೆದರಬೇಡಿ. ಒಂದೇ ಸಾಲಿನ ಕಂಬಗಳಲ್ಲಿ ಒಂದು ಮಾತ್ರ 26-27 ತೋರಿಸಿದರೆ ಅಲ್ಲಿ ನೀರು ಬರುತ್ತಿದೆ ಅಂತ ಅರ್ಥ. ಬಚ್ಚಲ ಕಡೆಯ ತೊಲೆಯ ತುದಿ ಹಾಳಾದದ್ದು ನನಗೆ ಹೀಗೇ ಸಿಕ್ಕಿತು. ಕಣ್ಣಿಗೆ ಏನೂ ಕಂಡಿರಲಿಲ್ಲ.

ಬಂದವರೆಲ್ಲ "ಪೂರಾ ಸಾಗವಾನಿನಾ?" ಅಂತ ಕೇಳುತ್ತಾರೆ. ನಮ್ಮಲ್ಲಿ ಸಾಗವಾನಿ ಜಗಲಿಯ ನಾಲ್ಕು ಕಂಬ ಮತ್ತು ಮುಂಬಾಗಿಲು ಅಷ್ಟೇ. ಉಳಿದದ್ದು ಮತ್ತಿ, ನಂದಿ, ಹಲಸು, ಒಂದಿಷ್ಟು ಹೊನ್ನೆ. ಜಾತಕದಲ್ಲಿ ಹಾಗೇ ಬರೆದೆ. "ಇದನ್ನೆಲ್ಲ ಬರೆದರೆ ರೇಟು ಬೀಳುತ್ತೆ" ಅಂತ ದಲ್ಲಾಳಿ ಹೇಳಿದರು. ಬೀಳಲಿಲ್ಲ. ನಾಲ್ಕು ಕಂಬ ಮಾತ್ರ ಸಾಗವಾನಿ ಅಂತ ನಾವೇ ಹೇಳಿದರೆ ಉಳಿದ ಮಾತನ್ನೂ ಜನ ನಂಬುತ್ತಾರೆ.

ಹಂಚಿನ ವಿಷಯವೂ ಹಾಗೇ. ನಮ್ಮ ಮಾಡಿನ ಹಂಚುಗಳ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ನೋಡಿದವರಿಗೆ ಮನೆ 1865ರದ್ದು ಅನಿಸುತ್ತದೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ. ಮಾರುವವರು ಬಹಳ ಮಂದಿ ಸುಮ್ನೆ ಇದ್ದುಬಿಡುತ್ತಾರೆ. ನಾನು 1920ರ ದಶಕದ ಪಾಲುಪತ್ರ ತೋರಿಸಿದೆ, ಅದರಲ್ಲಿ ಈ ಮನೆಯನ್ನು ಆಗಲೇ "ಹಳೇ ಮನೆ" ಅಂತ ಬರೆದಿದ್ದಾರೆ. ನೂರು ವರ್ಷ ದಾಟಿದೆ ಅನ್ನುವುದಕ್ಕೆ ಅಷ್ಟು ಸಾಕು.

ರಿಪೇರಿಯಲ್ಲಿ ದೊಡ್ಡದು ಎರಡು ಕಂಬಗಳ ಬುಡ. ಕಂಬ ಪೂರ್ತಿ ಬದಲಾಯಿಸಿದರೆ ಮೇಲಿನ ಬೋದಿಗೆ ಸಮೇತ ಅಲ್ಲಾಡುತ್ತದೆ. ಹಾಗಾಗಿ ಎರಡೂ ಬದಿ ಲಾರಿ ಜಾಕ್ ಕೊಟ್ಟು, ದಿನಕ್ಕೆ ಒಂದೆರಡು ಮಿಲಿಮೀಟರಿನಂತೆ ಎತ್ತಿ, ಕೆಟ್ಟ ಬುಡ ಕತ್ತರಿಸಿ ಜಂಬೆ ಮರದ ತುಂಡು ಕೂಡಿಸಿದೆವು. ಒಂದೇ ದಿನ ಎತ್ತಿದರೆ ಮೆತ್ತಿಯ (ಮಹಡಿಯ) ಹಲಗೆ ಬಾಯಿ ಬಿಡುತ್ತದೆ, ಮಣ್ಣಿನ ಗೋಡೆ ಸೀಳುತ್ತದೆ. ಆಚಾರಿಗೆ ದಿನಕ್ಕೆ ಸಾವಿರದ ಇನ್ನೂರು, ಜೊತೆಗೆ ಇಬ್ಬರು ಆಳು. ಕೂಡಿಕೆಯನ್ನು ಯಾವ ಓರೆಯಲ್ಲಿ ಕೊಯ್ದೆವು, ಬೆಣೆ ಯಾವ ಕಡೆಯಿಂದ ಹೊಡೆದೆವು ಅನ್ನುವುದು ನಮ್ಮ ಆಚಾರಿಯ ಮನೆತನದ ವಿದ್ಯೆ, ಅದನ್ನು ನಾನು ಬರೆಯುವ ಹಾಗಿಲ್ಲ. ಜೋಡಿಸಿದ ಮೇಲೆ ಗೆರೆ ಕಾಣಬೇಕಾದರೆ ಬಗ್ಗಿ ಹುಡುಕಬೇಕು, ಅಷ್ಟು ಚೆನ್ನಾಗಿ ಕೂತಿದೆ.

ಒರಲೆಗೆ (ಗೆದ್ದಲಿಗೆ) ಕ್ಲೋರ್‌ಪೈರಿಫಾಸ್ 20 ಇಸಿ ಅನ್ನುವ ಕೀಟನಾಶಕ, ಒಂದು ಲೀಟರಿಗೆ 19 ಲೀಟರ್ ನೀರು, ಅಡಿಪಾಯದ ಸುತ್ತ. ಬಾವಿ ಇರುವ ಮೂಲೆ ಪೂರ್ತಿ ಬಿಟ್ಟೆವು, ಅಲ್ಲಿ ವಿಷ ಬೇಡವೇ ಬೇಡ. ಅಲ್ಲಿಗೂ, ಕಂಬದ ಬುಡಗಳಿಗೂ, ಪಕಾಸಿಯ ತುದಿಗಳಿಗೂ ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯ ಎಣ್ಣೆ. ಕುಮಟಾ, ಹೊನ್ನಾವರದ ಕಡೆ ದೋಣಿಗೆ ಬಳಿಯುವ ಅದೇ ಎಣ್ಣೆ. ಕೈಗವಸು ಇಲ್ಲದೆ ಮುಟ್ಟಬೇಡಿ, ಚರ್ಮ ಸುಟ್ಟು ಸುಲಿಯುತ್ತದೆ. ಅದಕ್ಕೆ ನಾನು ಇನ್ನೊಂದನ್ನು ಬೆರೆಸುತ್ತೇನೆ, ಬೇಗ ಒಣಗುತ್ತದೆ. ಅದು ಏನು ಅಂತ ಇಲ್ಲಿ ಹೇಳುವುದಿಲ್ಲ.

ಗೇರೆಣ್ಣೆ ನಿಜಕ್ಕೂ ಕೆಲಸ ಮಾಡುತ್ತದಾ ಅಂತ ಒಂದು ಪರೀಕ್ಷೆ ಇಟ್ಟಿದ್ದೆ. ಹಳೇ ಪಕಾಸಿಯ ತುಂಡುಗಳನ್ನು ಗೊಬ್ಬರಗುಂಡಿಯ ಪಕ್ಕ ಅರ್ಧ ಹೂತೆ. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಅಗಸೆ ಎಣ್ಣೆ, ಒಂದಕ್ಕೆ ಸುಟ್ಟ ಎಂಜಿನ್ ಆಯಿಲ್, ಒಂದಕ್ಕೆ ಬೋರಾಕ್ಸ್, ಒಂದಕ್ಕೆ ಗೇರೆಣ್ಣೆ. ಒಂದು ಮಳೆಗಾಲ ಕಳೆದು ತೆಗೆದಾಗ ಎಂಜಿನ್ ಆಯಿಲ್ ಹಾಕಿದ್ದನ್ನು ಮಣ್ಣೊಳಗೆ ಒರಲೆ ತಿಂದಿತ್ತು. ಬೋರಾಕ್ಸ್ ಮಳೆನೀರಿಗೆ ತೊಳೆದು ಹೋಗುತ್ತದೆ, ಮಾಡಿನ ಒಳಗೆ ಮಾತ್ರ ಅದು ಸರಿ. ಗೇರೆಣ್ಣೆಯದ್ದು ಗಟ್ಟಿಯಾಗೇ ಇತ್ತು. ಏನೂ ಹಾಕದ ಮತ್ತಿಯ ತುಂಡು ಅಗಸೆ ಎಣ್ಣೆ ಹಾಕಿದ ಹಲಸಿಗಿಂತ ಚೆನ್ನಾಗಿ ಉಳಿದದ್ದು ನನಗೇ ಆಶ್ಚರ್ಯ. ಒಂದು ಜಾಗದ, ಒಂದು ವರ್ಷದ ಪರೀಕ್ಷೆ ಇದು, ಅಷ್ಟೇ ಬೆಲೆ ಕೊಡಿ.

ಹೊಗೆಯದ್ದು ಇನ್ನೊಂದು. ಗ್ಯಾಸ್ ಬಂದ ಮೇಲೆ ಅಡುಗೆಮನೆಯ ಒಲೆ ಆರಿತ್ತು. ಕೊರೆಹುಳ ಜಾಸ್ತಿ ಇದ್ದದ್ದೂ ಆ ಮಾಡಿನಲ್ಲೇ. ಒಲೆಯನ್ನು ಮತ್ತೆ ಹಚ್ಚಿದೆವು, ಸ್ನಾನದ ನೀರು, ಅಡಿಕೆ ಬೇಯಿಸುವುದು ಎಲ್ಲ ಅಲ್ಲೇ. ಆ ಮಳೆಗಾಲ ಒಲೆಯ ಮೇಲಿನ ಪಕಾಸಿಯ ತೇವ 17ರ ಹತ್ತಿರ ನಿಂತಿತು, ಹೊಗೆ ತಾಗದ ಕಡೆ 20 ದಾಟಿತ್ತು. ಹುಳ ಕೊರೆದು ಬೀಳುವ ಹಿಟ್ಟೂ ಕಡಿಮೆಯಾಯಿತು. ಅಜ್ಜಿಯ ಕಾಲದ ಮಾಡು ಯಾಕೆ ಅಷ್ಟು ಕಾಲ ಬಾಳಿತು ಅಂತ ನನಗೆ ಅರ್ಥವಾದದ್ದು ಆಗ.

ಜಾತಕ ಮುಗಿದ ಮೇಲೆ ಹಳೇ ಕಟ್ಟಡಗಳಲ್ಲಿ ಕೈ ಪಳಗಿದ ಎಂಜಿನಿಯರ್ ಒಬ್ಬರನ್ನು ಕರೆಸಿದೆ. ಫೀಸು 25 ಸಾವಿರದ ಸುಮಾರು. ಅವರು ನನ್ನ ನಂಬರುಗಳನ್ನೇ ಇಟ್ಟುಕೊಂಡು ತಪಾಸಣೆ ಮಾಡಿ ವರದಿ ಕೊಟ್ಟರು. ಮಾಡಿನ ಭಾರ ಇಳಿಯುವುದು ಕಂಬಗಳ ಮೇಲೆ, ಮಣ್ಣಿನ ಗೋಡೆ ಕಂಬಗಳ ನಡುವಿನ ತುಂಬು ಮಾತ್ರ ಅಂತ ಅದರಲ್ಲಿ ಬರೆದರು. ಈ ಒಂದು ವಾಕ್ಯದಿಂದ ಎಲ್ಲ ಬದಲಾಯಿತು. ಕೊನೆಗೆ ಕೊಂಡವರ ಬ್ಯಾಂಕಿನ ಮೌಲ್ಯಮಾಪಕರು ಇದೇ ವರದಿ ನೋಡಿ ಕಟ್ಟಡಕ್ಕೆ 16 ಲಕ್ಷ ಹಾಕಿದರು. ಸೊನ್ನೆಯಿಂದ ಹದಿನಾರು ಲಕ್ಷ!

ಇನ್ನು ತೋರಿಸುವ ಕಾಲ. ಫೆಬ್ರುವರಿಯಲ್ಲಿ ತೋರಿಸು, ಅಂಗಳ ಚೆಂದ ಇರುತ್ತದೆ ಅನ್ನುತ್ತಾರೆ. ನಾನು ಜುಲೈನಲ್ಲಿ ಕರೆದೆ. ಇಂಬಳ (ಜಿಗಣೆ), ಕೆಸರು, ಕರೆಂಟಿಲ್ಲ, "ಯಾರು ಬರ್ತಾರೆ?" ಅಂದರು. ಬರುವವರು ಕಡಿಮೆಯಾದರು ನಿಜ, ಆದರೆ ಬಂದವರು ನಿಜವಾಗಿ ಕೊಳ್ಳುವವರು. ಜಡಿಮಳೆಯಲ್ಲಿ ಮೆತ್ತಿ ಹತ್ತಿಸಿ, ಟಾರ್ಚ್ ಕೈಗೆ ಕೊಟ್ಟು, ಎಲ್ಲಿ ಬೇಕಾದರೂ ನೋಡಿ ಅಂದೆ. ಎಲ್ಲೂ ಹನಿ ಇರಲಿಲ್ಲ. ಕೊಂಡವರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದ, ಕರಾವಳಿ ಮೂಲದ ದಂಪತಿ. ಜಾತಕವನ್ನು ಒಂದು ರಾತ್ರಿ ಇಟ್ಟುಕೊಂಡು ಓದಿದರು. ಮರುದಿನ ಚೌಕಾಸಿ ಮಾಡಿದ್ದು ತೋಟದ ರೇಟಿಗೆ ಮಾತ್ರ, ಮನೆಯದ್ದಕ್ಕೆ ಅಲ್ಲ.

ಕಾಗದದಲ್ಲಿ ಮೂರು ಮಾತು. ಅಕ್ಕತಂಗಿಯರ ಸಹಿ ಮೊದಲೇ ತಗೊಳ್ಳಿ, 2005ರ ತಿದ್ದುಪಡಿಯ ನಂತರ ಹೆಣ್ಣುಮಕ್ಕಳಿಗೂ ಸಮಪಾಲು, ಮತ್ತು ಅದು ನ್ಯಾಯ. ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲಿ ಹೋದದ್ದರಿಂದ ಕೃಷಿಕರಲ್ಲದವರೂ ತೋಟ ಕೊಳ್ಳಬಹುದು, ನಮಗೆ ಬೆಂಗಳೂರಿನ ದಾರಿ ತೆರೆದದ್ದು ಹಾಗೆ. ಕೊಟ್ಟಿಗೆಯ ಹಿಂದಿನ ತುಂಡು ಅತಿಕ್ರಮಣದ ಜಾಗದಲ್ಲಿತ್ತು, ಅದನ್ನು ಕ್ರಯಪತ್ರದ ಹೊರಗಿಟ್ಟು ಬಾಯಿಬಿಟ್ಟು ಹೇಳಿದೆ.

ತೆರಿಗೆಯಲ್ಲಿ ಮನೆ ಮತ್ತು ತೋಟದ ಮೌಲ್ಯ ಬೇರೆ ಬೇರೆ ಕಾಣಿಸುವುದು ಮುಖ್ಯ. ಶಿರಸಿಯಂಥ, 10 ಸಾವಿರದಿಂದ 1 ಲಕ್ಷ ಜನಸಂಖ್ಯೆಯ ಪೇಟೆಯಾದರೆ, ಪೇಟೆಯ ಗಡಿಯಿಂದ 2 ಕಿ.ಮೀ. ಆಚೆಯ ಕೃಷಿ ಜಮೀನಿಗೆ ಬಂಡವಾಳ ಲಾಭದ ತೆರಿಗೆ ಇಲ್ಲ. ಮನೆಗೆ ಇದೆ. 12.5 ಶೇಕಡಾ, ಅಥವಾ ಇಂಡೆಕ್ಸೇಶನ್ (ಬೆಲೆಯೇರಿಕೆಯ ಹೊಂದಾಣಿಕೆ) ಹಾಕಿ 20 ಶೇಕಡಾ, ಯಾವುದು ಕಡಿಮೆಯೋ ಅದು. ಹಳೇ ಮನೆಯಾದ್ದರಿಂದ 2001ರ ಏಪ್ರಿಲ್ 1ರ ಮೌಲ್ಯ ತೆಗೆಸಬೇಕು, ಅಲ್ಲೂ ಜಾತಕ ಉಪಯೋಗಕ್ಕೆ ಬಂತು.

ಕೊಂಡವರು ನಾಳೆ ಮನೆ ಬಿಚ್ಚಬಾರದು ಅಂತ ಕ್ರಯಪತ್ರದಲ್ಲಿ ಬರೆಸುವ ಆಸೆ ನನಗಿತ್ತು. ಆಸ್ತಿ ವರ್ಗಾವಣೆ ಕಾಯ್ದೆಯ 11ನೇ ಕಲಮಿನ ಪ್ರಕಾರ ಅಂಥ ಷರತ್ತು ನಿಲ್ಲುವುದಿಲ್ಲ ಅಂತ ವಕೀಲರು ಹೇಳಿದರು. ಅದಕ್ಕೆ ಬದಲು ನಮ್ಮ ಆಚಾರಿಯನ್ನೇ ಅವರಿಗೆ ಗಂಟು ಹಾಕಿದೆ, ವರ್ಷಕ್ಕೊಮ್ಮೆ ಬಂದು ಜಾತಕ ಹಿಡಿದು ಕಂಬ ಬಡಿದು ನೋಡುವ ಮಾತಿಗೆ. ಕಳೆದ ಮೇ ತಿಂಗಳಲ್ಲಿ ಅವರು ಹಂಚು ಕೈಯಾಡಿಸಿದ್ದಾರೆ, ಅಂದರೆ ತೆಗೆದು ಸರಿಮಾಡಿ ಮತ್ತೆ ಹೊದಿಸಿದ್ದಾರೆ. ಹದಿನೆಂಟು ಸಾವಿರ ಆಯಿತಂತೆ, ಒಡೆದ ಹಂಚು ಬರೀ ನಲವತ್ತೋ ಐವತ್ತೋ.